ಆದಿಯಲ್ಲಿದ್ದ ವಾಕ್ಯ ಯಾವುದು? ಸಭಾಪಾಲಕನೊಬ್ಬನ ಓದಿನ ಕ್ರಮ

ಭಾನುವಾರದ ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಯ್ಯನವರೇ, ಆದಿಯಲ್ಲಿ ವಾಕ್ಯವಿತ್ತು ಎಂದು ಓದಿದಿರಲ್ಲ, ಆ ವಾಕ್ಯ ಯಾವುದು?" ಆ ವಾರವೇ ಅವಳಿಗೆ ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದದ ಪಾಠವಾಗಿತ್ತು. ಅವಳ ಪಾಲಿಗೆ ವಾಕ್ಯವೆಂದರೆ ಪೂರ್ಣವಿರಾಮದಲ್ಲಿ ಮುಗಿಯುವ ಪದಗಳ ಸಾಲು. ಯೋಹಾನನ ಸುವಾರ್ತೆಯ ಆ ಮೊದಲ ವಚನವನ್ನು ನಾನು ಇಪ್ಪತ್ತು ಕ್ರಿಸ್ಮಸ್ ಆರಾಧನೆಗಳಲ್ಲಿ ಓದಿದ್ದೆ. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಮುಂದಿನ ಭಾನುವಾರ ಹೇಳುತ್ತೇನೆ ಎಂದೆ. ಹೇಳಲು ಐದು ವಾರ ಹಿಡಿಯಿತು.

ಆ ಐದು ವಾರ ನನ್ನ ಓದಿನ ರೀತಿಯನ್ನೇ ಬದಲಿಸಿತು. ದೇವಶಾಸ್ತ್ರದ ಶಿಕ್ಷಣ ಮುಗಿಸಿ ಮೊದಲ ಸಭೆಗೆ, ಅಂದರೆ ಚರ್ಚಿಗೆ, ಸಭಾಪಾಲಕರಾಗಿ ಬರುವ ಕಿರಿಯರು ಏನು ಓದಬೇಕು, ಯಾವಾಗ ಓದಬೇಕು, ಓದಿದ್ದನ್ನು ಎಲ್ಲಿ ಇಡಬೇಕು ಎಂದು ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಾರವಾರವೂ ಜನರ ಮುಂದೆ ನಿಂತು ಮಾತನಾಡಬೇಕಾದ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ಮೊದಲನೆಯದಾಗಿ, ಭಾನುವಾರಕ್ಕಾಗಿ ಓದುವುದನ್ನು ನಿಲ್ಲಿಸಿ. ಸೇವೆಯ ಮೊದಲ ಒಂಬತ್ತು ವರ್ಷ ನಾನು ಹಾಗೆಯೇ ಓದಿದೆ. ಶುಕ್ರವಾರ ರಾತ್ರಿ ವ್ಯಾಖ್ಯಾನ ತೆರೆಯುವುದು, ಶನಿವಾರ ಪ್ರಸಂಗ, ಅಂದರೆ ಆರಾಧನೆಯ ಉಪದೇಶ, ಬರೆಯುವುದು, ಭಾನುವಾರ ಹೇಳುವುದು. ಶುಕ್ರವಾರ ಒಳಗೆ ಹೋದದ್ದು ಭಾನುವಾರ ಹೊರಗೆ ಬರುತ್ತಿತ್ತು. ಸೋಮವಾರ ನನ್ನಲ್ಲಿ ಏನೂ ಉಳಿಯುತ್ತಿರಲಿಲ್ಲ. ನಮ್ಮ ಗದಗ ಸೀಮೆಯ ಹಳೆಯ ಮನೆಗಳಲ್ಲಿ ಜೋಳವನ್ನು ನೆಲದೊಳಗಿನ ಕಣಜವಾದ ಹಗೇವಿನಲ್ಲಿ ಹಾಕಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಮನೆಯವರು ಮಾತ್ರವಲ್ಲ, ನೆರೆಯವರೂ ಅದರಿಂದ ಉಣ್ಣುತ್ತಿದ್ದರು. ಸಭಾಪಾಲಕನ ಓದು ಹಗೇವು ತುಂಬುವ ಕೆಲಸ. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ, ಮಣ್ಣು ಕೊಡುವ ಹೊತ್ತಿನಲ್ಲಿ, ಅಣ್ಣತಮ್ಮಂದಿರ ಹೊಲದ ಜಗಳದ ನಡುವೆ ಕುಳಿತಾಗ ಕೈಗೆ ಸಿಗುವುದು ನಿನ್ನೆ ರಾತ್ರಿ ಓದಿದ ಪುಟವಲ್ಲ. ಮೂರು ವರ್ಷದ ಹಿಂದೆ ಓದಿ ಒಳಗೆ ಇಳಿದದ್ದು.

ಹಾಗಾದರೆ ಓದು ಎಲ್ಲಿಂದ ಶುರುವಾಗಬೇಕು? ಸಭೆಯವರ ಪ್ರಶ್ನೆಗಳಿಂದ ಎಂಬುದು ನನ್ನ ಅನುಭವ. ಮನೆಭೇಟಿಗೆ ಹೋಗುವಾಗ ಅಂಗಿಯ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಅವರ ಮುಂದೆ ಅದನ್ನು ತೆಗೆಯಬೇಡಿ. ಮಾತನಾಡುವವರ ಬಾಯಿ ಕಟ್ಟಿಹೋಗುತ್ತದೆ. ರಸ್ತೆಗೆ ಬಂದ ಮೇಲೆ, ಬಸ್ ನಿಲ್ದಾಣದಲ್ಲಿ, ಅವರು ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ. ನನ್ನ ಪುಸ್ತಕದಲ್ಲಿರುವ ಕೆಲವನ್ನು ಹೇಳುತ್ತೇನೆ. ಬೆಟಗೇರಿಯ ನೇಕಾರರೊಬ್ಬರು, ಮಗ್ಗ ಮಾರಿದ ತಿಂಗಳು ಕೇಳಿದ್ದು: "ನನ್ನ ಕೈಗೆ ಗೊತ್ತಿರುವ ಕೆಲಸ ಯಾರಿಗೂ ಬೇಡವಾದರೆ, ದೇವರು ಕೊಟ್ಟ ವರ ಅದು ಎಂದು ಹೇಗೆ ಹೇಳಲಿ?" ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಹುಡುಗ, ರಜೆಗೆ ಬಂದಾಗ: "ಯಾರಿಗೆ ಸಾಲ ಕೊಡಬೇಕು ಎಂದು ತೀರ್ಮಾನಿಸುವ ತಂತ್ರಾಂಶ ಬರೆಯುತ್ತೇನೆ. ಅದು ತಪ್ಪಿದರೆ ಪಾಪ ಯಾರದು?" ಎಂಬತ್ತು ದಾಟಿದ ಅಜ್ಜಿಯೊಬ್ಬರು: "ನಮ್ಮ ಸಮಾಧಿಭೂಮಿಯ ಮೂಲೆಯಲ್ಲಿ ಅಷ್ಟೊಂದು ಸಣ್ಣ ಸಮಾಧಿಗಳು ಯಾಕೆ?"

ಈ ಮೂರಕ್ಕೂ ಒಂದೇ ಪುಸ್ತಕದಲ್ಲಿ ಉತ್ತರವಿಲ್ಲ. ಅದಕ್ಕಾಗಿಯೇ ನಂಬಿಕೆ, ಸಂಸ್ಕೃತಿ, ಇತಿಹಾಸ, ತಂತ್ರಜ್ಞಾನ ಎಂಬ ನಾಲ್ಕು ಕಡೆಗೂ ಹೋಗಬೇಕಾಗುತ್ತದೆ. ಬೆಳಿಗ್ಗೆ ಐದರಿಂದ ಆರೂಕಾಲು ನನ್ನ ಸಮಯ. ದಿನದ ವೇದಭಾಗವನ್ನು, ಅಂದರೆ ಬೈಬಲಿನ ಭಾಗವನ್ನು, ಓದಿದ ಮೇಲೆ ಸೋಮವಾರ ಸಂಸ್ಕೃತಿ, ಮಂಗಳವಾರ ಇತಿಹಾಸ, ಬುಧವಾರ ತಂತ್ರಜ್ಞಾನ, ಗುರುವಾರ ದೇವಶಾಸ್ತ್ರ. ಶುಕ್ರವಾರ, ಶನಿವಾರ ಪ್ರಸಂಗಕ್ಕೆ ಮೀಸಲು. ಸಾವು, ಆಸ್ಪತ್ರೆ, ಸಮಿತಿಯ ಸಭೆ ಬಂದರೆ ಆ ದಿನದ ಓದು ಹೋಯಿತು. ಅದನ್ನು ಮರುದಿನ ಎರಡು ಪಟ್ಟು ಓದಿ ತುಂಬಲು ಹೋಗಬೇಡಿ. ಸಾಲದಂತೆ ಬೆಳೆದರೆ ಓದೇ ನಿಂತುಹೋಗುತ್ತದೆ.

ಈಗ ಆ ಹುಡುಗಿಯ ಪ್ರಶ್ನೆಯನ್ನೇ ಹಿಡಿದು ನಾಲ್ಕೂ ಕಡೆ ಹೋಗಿಬರೋಣ.

ದೇವಶಾಸ್ತ್ರದ ಓದಿನಲ್ಲಿ ನಾನು ಮಾಡುವ ಮೊದಲ ಕೆಲಸ, ವೇದಭಾಗವನ್ನು ಕೈಯಲ್ಲಿ ನಕಲು ಮಾಡುವುದು. ಒಂದು ಸಾಲು ಬಿಟ್ಟು ಒಂದು ಸಾಲು ಬರೆಯುತ್ತೇನೆ. ಆಮೇಲೆ, ನಮ್ಮ ಆರಾಧನೆಯಲ್ಲಿ ಒಂದು ಅರ್ಥ, ಸಂತೆಯಲ್ಲಿ ಇನ್ನೊಂದು ಅರ್ಥ ಇರುವ ಮಾತುಗಳ ಕೆಳಗೆ ಗೆರೆ ಎಳೆಯುತ್ತೇನೆ. ಸಭೆ, ಕರ್ತ, ಕೃಪೆ, ಸಾಕ್ಷಿ. ಇವು ನಮಗೆ ಎಷ್ಟು ರೂಢಿಯಾಗಿವೆ ಎಂದರೆ ಹೊರಗಿನವರಿಗೆ ಹೇಗೆ ಕೇಳಿಸುತ್ತವೆ ಎಂಬುದೇ ಮರೆತುಹೋಗಿರುತ್ತದೆ. ಬಿಟ್ಟ ಸಾಲಿನಲ್ಲಿ ಹಳೆಯ ಸತ್ಯವೇದದ, ಅಂದರೆ ಹಳೆಯ ಕನ್ನಡ ಬೈಬಲಿನ, ಮಾತು, ಹೊಸ ಅನುವಾದದ ಮಾತು, ಗ್ರೀಕ್ ಅಥವಾ ಹೀಬ್ರೂ ಮಾತು, ಮೂರನ್ನೂ ಬರೆಯುತ್ತೇನೆ. ಗ್ರೀಕ್ ಮರೆತವರು ಹೆದರಬೇಕಾಗಿಲ್ಲ. ವಾರಕ್ಕೆ ಒಂದು ಪದ ಸಾಕು, ವರ್ಷಕ್ಕೆ ಐವತ್ತು ಆಗುತ್ತದೆ.

ಯೋಹಾನನ ಮಾತು ಲೋಗೋಸ್. ಅದಕ್ಕೆ ಮಾತು ಎಂಬ ಅರ್ಥವಿದೆ. ಲೆಕ್ಕ, ಕಾರಣ, ವಿವೇಕ ಎಂಬ ಅರ್ಥಗಳೂ ಇವೆ. ಗ್ರೀಕ್ ತತ್ತ್ವಜ್ಞಾನಿಗಳು ಲೋಕವನ್ನು ನಡೆಸುವ ಕ್ರಮಕ್ಕೇ ಆ ಹೆಸರು ಕೊಟ್ಟಿದ್ದರು. ಅದರ ಹಿಂದೆ ಹೀಬ್ರೂವಿನ ದಾಬಾರ್ ನಿಂತಿದೆ. ಆ ಭಾಷೆಯಲ್ಲಿ ಮಾತಿಗೂ ನಡೆದ ಸಂಗತಿಗೂ ಅದೊಂದೇ ಪದ. ದೇವರ ಮಾತು ಬರಿದಾಗಿ ಹಿಂದಿರುಗುವುದಿಲ್ಲ ಎಂದು ಯೆಶಾಯನು ಹೇಳುವಾಗ ಇರುವುದು ಆ ಪದವೇ. ಇನ್ನು ನಮ್ಮ ವಾಕ್ಯ ಸಂಸ್ಕೃತದ ವಚ್ ಧಾತುವಿನಿಂದ ಬಂದದ್ದು. ಹೇಳು, ನುಡಿ ಎಂಬುದು ಅದರ ಅರ್ಥ. ವ್ಯಾಕರಣದ ವಾಕ್ಯ ಆ ಪದದ ಒಂದು ಕವಲು ಮಾತ್ರ. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಪದ ವಚನ. ಇಲ್ಲಿಗೆ ಬಂದಾಗ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ. ಬೈಬಲಿನ ಅಧ್ಯಾಯವನ್ನು ನಾವು ವಚನಗಳಾಗಿ ಎಣಿಸುತ್ತೇವೆ. ನಾಲ್ಕು ಬೀದಿಯಾಚೆ, ತೋಂಟದಾರ್ಯ ಮಠದಲ್ಲಿ, ವಚನವೆಂದರೆ ಬಸವಣ್ಣನ ಮಾತು, ಅಕ್ಕನ ಮಾತು. ಒಂದೇ ಪದವನ್ನು ಎರಡು ಮನೆಯವರು ದಿನವೂ ಬಳಸುತ್ತೇವೆ. ನೂರೆಂಬತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಊರಿನಲ್ಲಿ ನೆರೆಹೊರೆಯಾಗಿದ್ದೇವೆ.

ಆದ್ದರಿಂದ ಎರಡನೆಯ ವಾರ ವಚನಗಳನ್ನು ಓದಿದೆ. ಸಂಸ್ಕೃತಿಯ ಓದಿನ ಬಗ್ಗೆ ನನಗೆ ಗಟ್ಟಿಯಾದ ಒಂದು ಅಭಿಪ್ರಾಯವಿದೆ. ಇನ್ನೊಬ್ಬರ ಪವಿತ್ರ ಮಾತನ್ನು ಪ್ರಸಂಗದ ಒಡವೆಯಾಗಿ ಬಳಸಬಾರದು. ನಾನು ಒಮ್ಮೆ ಹಾಗೆ ಮಾಡಿದೆ. ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ನಿಮ್ಮ ದೇಹವು ಪವಿತ್ರಾತ್ಮನ ಆಲಯ ಎಂಬ ಮಾತಿದೆಯಲ್ಲ, ಅದರ ಪಕ್ಕದಲ್ಲಿ ಬಸವಣ್ಣನ "ದೇಹವೇ ದೇಗುಲ" ಎಂಬುದನ್ನು ಇಟ್ಟು, ಎರಡೂ ಒಂದೇ ಎಂದು ಹೇಳಿಬಿಟ್ಟೆ. ಎಲ್ಲರೂ ಮೆಚ್ಚಿದರು. ನಮ್ಮ ಪಕ್ಕದ ಮನೆಯ ನಿವೃತ್ತ ಶಿಕ್ಷಕರು, ಲಿಂಗಾಯತರು, ಅಂದು ಒಂದು ಮದುವೆಯ ನಿಮಿತ್ತ ಆರಾಧನೆಗೆ ಬಂದಿದ್ದರು. ಸಂಜೆ ಕಟ್ಟೆಯ ಮೇಲೆ ಕುಳಿತಾಗ ಅವರು ಮೆಲ್ಲಗೆ ಕೇಳಿದರು: "ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಯಾಕೆ ಬಿಟ್ಟಿರಿ?" ಆ ವಚನ ಶುರುವಾಗುವುದು ಉಳ್ಳವರು ಶಿವಾಲಯ ಕಟ್ಟುವ ಮಾತಿನಿಂದ, ನಾನು ಬಡವ ಏನು ಮಾಡಲಿ ಎಂಬ ಸಂಕಟದಿಂದ. ಮುಗಿಯುವುದು ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಎಂಬಲ್ಲಿ. ಅದು ಹಣವಿದ್ದವನ ಗುಡಿಯ ಎದುರು ನಿಂತ ಬಡವನ ಮಾತು. ಪೌಲನಾದರೋ ಆ ಅಧ್ಯಾಯದಲ್ಲಿ ಜಾರತ್ವದ ವಿಷಯ ಬರೆಯುತ್ತಿದ್ದಾನೆ. ನೀವು ನಿಮ್ಮ ಸ್ವಂತ ಸೊತ್ತಲ್ಲ, ಕ್ರಯಕ್ಕೆ ಕೊಳ್ಳಲ್ಪಟ್ಟವರು ಎನ್ನುತ್ತಿದ್ದಾನೆ. ಎರಡೂ ಕಡೆ ದೇಹ ಮತ್ತು ಆಲಯ ಇವೆ, ಆದರೆ ಎರಡು ಬೇರೆ ನೋವಿಗೆ ಹೇಳಿದ ಮಾತುಗಳು. ನಾನು ಎರಡಕ್ಕೂ ಅನ್ಯಾಯ ಮಾಡಿದ್ದೆ.

ಅಂದಿನಿಂದ ಪಾಲಿಸುವ ಪದ್ಧತಿ ಹೀಗಿದೆ. ವಚನವಾಗಲಿ, ದಾಸರ ಪದವಾಗಲಿ, ತತ್ತ್ವಪದವಾಗಲಿ, ಮೊದಲು ಪೂರ್ತಿ ಓದುತ್ತೇನೆ. ಆಮೇಲೆ ಅದನ್ನು ಪ್ರೀತಿಸುವವರೇ ಬರೆದ ವಿವರಣೆ ಓದುತ್ತೇನೆ. ಮೂರು ವಾರ ವೇದಿಕೆಯ ಮೇಲೆ ಎತ್ತುವುದಿಲ್ಲ. ಎತ್ತುವ ಮೊದಲು ಆ ಶಿಕ್ಷಕರಿಗೆ ಓದಿ ತೋರಿಸುತ್ತೇನೆ. ಅವರು ಬೇಡವೆಂದರೆ ಬಿಡುತ್ತೇನೆ. ನಿಮಗೂ ಅಂಥ ಒಬ್ಬ ನೆರೆಯವರನ್ನು ಹುಡುಕಿಕೊಳ್ಳಿ. ಇನ್ನೊಂದು ಮಾತು: ನಮ್ಮ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಎಂಬ ಪದದಲ್ಲಿರುವ ದೀಕ್ಷೆ, ಅವರ ಲಿಂಗದೀಕ್ಷೆಯಲ್ಲೂ ಇದೆ. ಕನ್ನಡದಲ್ಲಿ ನಂಬುವವನು ನೆರೆಯವರ ಮಾತಿನ ಋಣದಲ್ಲಿಯೇ ಪ್ರಾರ್ಥಿಸುತ್ತಾನೆ. ಸಂಸ್ಕೃತಿಯನ್ನು ಓದಬೇಕು ಎನ್ನಲು ನನಗೆ ಇಷ್ಟೇ ಕಾರಣ ಸಾಕು.

ಮೂರನೆಯ ವಾರದ ಪ್ರಶ್ನೆ: ಕನ್ನಡದ ಸತ್ಯವೇದ ಯಾರ ಕೈಗಳನ್ನು ದಾಟಿ ನಮಗೆ ಬಂತು? ಬಂಗಾಳದ ಶ್ರೀರಾಮಪುರದಲ್ಲಿ ಮಿಷನರಿ ವಿಲಿಯಂ ಕೇರಿ ಕನ್ನಡ ವ್ಯಾಕರಣವನ್ನು 1817ರಲ್ಲಿ ಅಚ್ಚು ಹಾಕಿಸಿದರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ದುಡಿದು ಇಡೀ ಬೈಬಲನ್ನು 1831ರ ಹೊತ್ತಿಗೆ ಕನ್ನಡದಲ್ಲಿ ತಂದರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಹರಡಿದರು. ಫರ್ಡಿನಂಡ್ ಕಿಟೆಲ್ 1853ರಲ್ಲಿ ಬಂದರು. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ನಲವತ್ತೊಂದು ವರ್ಷ! ಆ ನಡುವೆ ಕೇಶಿರಾಜನ ವ್ಯಾಕರಣವಾದ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಸುವಾರ್ತೆ ಹೇಳಲು ಬಂದವರು ಜೈನ ವೈಯಾಕರಣನ ಮುಂದೆ ವಿದ್ಯಾರ್ಥಿಯಾಗಿ ಕುಳಿತರಲ್ಲ, ಅದು ನನಗೆ ಇಂದಿಗೂ ದೊಡ್ಡ ಪಾಠ.

ಆದರೆ ಇತಿಹಾಸವನ್ನು ಹೀಗೆ ದೊಡ್ಡ ಹೆಸರುಗಳಿಂದ ಮಾತ್ರ ಓದಬಾರದು. ಮಿಷನ್ ವರದಿಗಳು ದೂರದೂರಿನಲ್ಲಿದ್ದು ಹಣ ಕಳುಹಿಸುವವರಿಗಾಗಿ ಬರೆದಂಥವು. ಅವನ್ನು ಓದುವಾಗ ಪಕ್ಕದಲ್ಲಿ ಬೇರೆ ಕೈ ಬರೆದ ಇನ್ನೊಂದು ಪುಸ್ತಕ ಇರಬೇಕು. ನಮ್ಮ ಸೀಮೆಗಾದರೆ 1884ರಲ್ಲಿ ಬಂದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರ್ ಇದೆ. ಅದು ಸರಕಾರದ ಕಣ್ಣು. ಮೂರನೆಯದಾಗಿ ನಿಮ್ಮ ಸಭೆಯದೇ ರಿಜಿಸ್ಟರುಗಳು. ದೀಕ್ಷಾಸ್ನಾನ, ಮದುವೆ, ಸಮಾಧಿ. ಬೀರುವಿನ ತಳದಲ್ಲಿ ಗೆದ್ದಲು ಹಿಡಿಯುವ ಮೊದಲು ಅವನ್ನು ಹೊರಗೆ ತೆಗೆಯಿರಿ. ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ. 1877, 1878ರ ಪುಟಗಳಲ್ಲಿ ಮಕ್ಕಳ ಹೆಸರುಗಳು ಒತ್ತೊತ್ತಾಗಿದ್ದವು, ವಯಸ್ಸಿನ ಕಲಮಿನಲ್ಲಿ ಎರಡು, ನಾಲ್ಕು, ಮೂರು. 1876ರಿಂದ 78ರವರೆಗಿನ ಮಹಾಬರದ ಕಾಲ ಅದು. ಕೆಲವು ಕಡೆ ತಂದೆಯ ಹೆಸರಿನ ಜಾಗ ಖಾಲಿ. ನಾನು ಆ ಹೆಸರುಗಳನ್ನು ಒಂದೊಂದಾಗಿ ನಕಲು ಮಾಡಿಕೊಂಡೆ. ಆ ವರ್ಷದ ಸಕಲ ಪರಿಶುದ್ಧರ ದಿನದ ಆರಾಧನೆಯಲ್ಲಿ ಅವನ್ನು ಗಟ್ಟಿಯಾಗಿ ಓದಿದೆವು. ಅಜ್ಜಿ ಕೋಲು ಹಿಡಿದು ಮೊದಲಿನಿಂದ ಕೊನೆಯವರೆಗೂ ನಿಂತೇ ಇದ್ದರು.

ತಂತ್ರಜ್ಞಾನ ನಮಗೇಕೆ ಎನ್ನುವ ಸಭಾಪಾಲಕರಿದ್ದಾರೆ. ಮುದ್ರಣವಿಲ್ಲದೆ ನಮ್ಮ ಸಭೆಯೇ ಇರುತ್ತಿರಲಿಲ್ಲ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಪತ್ರಿಕೆಯನ್ನು ಶುರು ಮಾಡಿದ್ದು ಕಲ್ಲಚ್ಚಿನಲ್ಲಿ. ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ, ಮಸಿ ಹಚ್ಚಿ, ಕಾಗದ ಒತ್ತುವ ಕೆಲಸ. ಎಣ್ಣೆಯೂ ನೀರೂ ಬೆರೆಯುವುದಿಲ್ಲ ಎಂಬ ಸರಳ ಗುಣದ ಮೇಲೆ ಅದು ನಿಂತಿದೆ. ತಂತ್ರಜ್ಞಾನವನ್ನು ಓದುವ ನನ್ನ ಕ್ರಮವೂ ಅದೇ: ಒಳ್ಳೆಯದೋ ಕೆಟ್ಟದೋ ಎಂದು ತೀರ್ಪು ಕೊಡುವ ಲೇಖನಗಳಿಗಿಂತ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯುವುದು. ಅರ್ಥವಾಗದಿದ್ದರೆ ಸಭೆಯ ಹುಡುಗರನ್ನು ಕೇಳುವುದು. ಸಾಲದ ತಂತ್ರಾಂಶದ ಆ ಹುಡುಗ ಎರಡು ಸಂಜೆ ಕುಳಿತು ನನಗೆ ಕಾಗದದ ಮೇಲೆ ಬರೆದು ತೋರಿಸಿದ. ಹಿಂದೆ ಯಾರಿಗೆ ಸಾಲ ಕೊಟ್ಟಿದ್ದರು ಎಂಬ ಹಳೆಯ ಲೆಕ್ಕದಿಂದ ಯಂತ್ರ ಕಲಿಯುತ್ತದೆ. ಹಿಂದೆ ಯಾರಿಗೆ ನಿರಾಕರಿಸಿದ್ದರೋ ಅವರಿಗೆ ಮುಂದೆಯೂ ನಿರಾಕರಿಸಲು ಕಲಿಯುತ್ತದೆ. ಆಮೋಸನ ಪ್ರವಾದನೆಯಲ್ಲಿ ಬಡವರನ್ನು ಮೋಸದ ತಕ್ಕಡಿಯಲ್ಲಿ ತೂಗುವವರ ಮಾತು ಬರುತ್ತದೆ. ನಾವಿಬ್ಬರೂ ಅದನ್ನು ಅಂದು ಒಟ್ಟಿಗೆ ಓದಿದೆವು. ಓದಿದ ಮೇಲೆ ಆ ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ.

ಕೈಕೆಲಸದ ಮಟ್ಟದಲ್ಲಿ ಕೆಲವು ಎಚ್ಚರಿಕೆಗಳು. ಕನ್ನಡವನ್ನು ಯಾವಾಗಲೂ ಯೂನಿಕೋಡ್‌ನಲ್ಲಿಯೇ ಬೆರಳಚ್ಚು ಮಾಡಿ. ಹತ್ತು ವರ್ಷದ ನನ್ನ ಪ್ರಸಂಗಗಳು ಹಳೆಯ ಅಕ್ಷರವಿನ್ಯಾಸದಲ್ಲಿದ್ದವು. ಕಂಪ್ಯೂಟರ್ ಬದಲಾಯಿಸಿದ ದಿನ ಅವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡವು. ಅಂಥ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ, ಆದರೆ ಒತ್ತಕ್ಷರ ಮತ್ತು ಅರ್ಕಾವತ್ತು ತಪ್ಪಾಗುವುದರಿಂದ ಪ್ರತಿ ಪುಟವನ್ನೂ ಕಣ್ಣಿನಿಂದ ನೋಡಲೇಬೇಕು. ಕಿಟೆಲ್ ನಿಘಂಟು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಇಳಿಸಿಕೊಂಡು ಮೊಬೈಲಿನಲ್ಲಿ ಇಟ್ಟುಕೊಂಡರೆ ಬಸ್ಸಿನಲ್ಲಿಯೂ ತೆರೆಯಬಹುದು. ಕೃತಕ ಬುದ್ಧಿಮತ್ತೆಯನ್ನು ನಾನು ಬಳಸಿ ನೋಡಿದ್ದೇನೆ. ಒಮ್ಮೆ ಅದು ಸೊಗಸಾದ ಒಂದು ಬೈಬಲ್ ವಚನವನ್ನು ಅಧ್ಯಾಯ, ಸಂಖ್ಯೆ ಸಮೇತ ಕೊಟ್ಟಿತು. ಸತ್ಯವೇದ ತೆರೆದರೆ ಆ ಜಾಗದಲ್ಲಿ ಬೇರೆಯೇ ಮಾತಿತ್ತು. ಆದ್ದರಿಂದ ಅದು ಕೊಟ್ಟ ಪ್ರತಿಯೊಂದು ಉಲ್ಲೇಖವನ್ನೂ ಕಾಗದದಲ್ಲಿ ನೋಡದೆ ನಂಬಬೇಡಿ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಸಭೆಯವರು ನಿಮ್ಮ ಮುಂದೆ ಅತ್ತು ಹೇಳಿಕೊಂಡದ್ದನ್ನು, ಹೆಸರು ಬದಲಿಸಿಯೂ, ಯಂತ್ರಕ್ಕೆ ಬರೆದು ಸಲಹೆ ಕೇಳಬೇಡಿ. ಅವರು ಆ ಮಾತನ್ನು ಒಪ್ಪಿಸಿದ್ದು ನಿಮಗೆ.

ಓದಿದ್ದನ್ನು ಇಡುವ ಬಗೆ ಸುಲಭ. ಸಭಾಪಾಲಕರ ಮನೆಗೆ ವರ್ಷಕ್ಕೆ ನೂರಾರು ಲಗ್ನಪತ್ರಿಕೆಗಳು ಬರುತ್ತವೆ. ಒಳ್ಳೆಯ ದಪ್ಪ ಕಾಗದ, ಹಿಂಬದಿ ಖಾಲಿ. ಅಂಗೈಯಗಲ ಕತ್ತರಿಸಿ ಚೀಟಿ ಮಾಡಿಕೊಳ್ಳುತ್ತೇನೆ. ಚೀಟಿಯ ಮೇಲ್ತುದಿಯಲ್ಲಿ ಪುಸ್ತಕ ಮತ್ತು ಪುಟ. ನಡುವೆ ತಿಳಿದದ್ದು, ನನ್ನದೇ ಮಾತಿನಲ್ಲಿ, ಐದು ಸಾಲು ಮೀರದಂತೆ. ಕೆಳತುದಿಯಲ್ಲಿ ಅದು ಯಾರ ಪ್ರಶ್ನೆಗೆ ಸೇರಿದ್ದು ಎಂಬ ಗುರುತು. ಈ ಮೂರನೆಯದನ್ನು ಬಿಡಬೇಡಿ. ನನ್ನ ಬೂಟಿನ ಡಬ್ಬಿಗಳಲ್ಲಿ ಚೀಟಿಗಳು ವಿಷಯದ ಪ್ರಕಾರ ಇಲ್ಲ, ಕೇಳಿದವರ ಪ್ರಕಾರ ಇವೆ. ನೇಕಾರರ ಪ್ರಶ್ನೆಯ ಹಿಂದೆ ಈಗ ಇಪ್ಪತ್ತಾರು ಚೀಟಿಗಳಿವೆ. ಗುಡಾರ ಹೊಲಿಯುತ್ತಿದ್ದ ಪೌಲನಿಂದ ಹಿಡಿದು ಜೇಡರ ದಾಸಿಮಯ್ಯನವರೆಗೆ, ಮಂಗಳೂರಿನಲ್ಲಿ ಮಿಷನ್ ತೆರೆದ ನೇಯ್ಗೆಯ ಕಾರ್ಖಾನೆಯಿಂದ ವಿದ್ಯುತ್ ಮಗ್ಗದವರೆಗೆ. ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಸಿಕ್ಕಷ್ಟನ್ನು ಅವರ ಮನೆಗೆ ಹೋಗಿ ಹೇಳಿ ಬರುತ್ತೇನೆ. ಚಹಾ ಕುಡಿಯುತ್ತ ಅವರು ಅದರಲ್ಲಿ ಅರ್ಧವನ್ನು ತಿದ್ದುತ್ತಾರೆ.

ಐದನೆಯ ಭಾನುವಾರ ಆ ಹುಡುಗಿಗೆ ಲೋಗೋಸ್, ದಾಬಾರ್ ಏನನ್ನೂ ಹೇಳಲಿಲ್ಲ. ಬೀದಿಯಲ್ಲಿ ಆಡುತ್ತಿರುವಾಗ ಅವ್ವ ಬಾಗಿಲಲ್ಲಿ ನಿಂತು ನಿನ್ನ ಹೆಸರು ಹಿಡಿದು ಕೂಗುತ್ತಾರಲ್ಲ, ಅದರಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಇಲ್ಲ; ಆದರೂ ಯಾರು ಕರೆದರು, ನೀನು ಅವರಿಗೆ ಬೇಕಾದವಳು, ಮನೆಯಲ್ಲಿ ಊಟ ಕಾದಿದೆ, ಎಲ್ಲವೂ ನಿನಗೆ ತಿಳಿಯುತ್ತದೆ, ಆದಿಯಲ್ಲಿದ್ದದ್ದು ಅಂಥ ಮಾತು ಎಂದೆ. ಅವಳು ಸ್ವಲ್ಪ ಯೋಚಿಸಿ, "ಆಗ ಯಾರೂ ಹುಟ್ಟಿರಲಿಲ್ಲವಲ್ಲ, ಯಾರನ್ನು ಕರೆದರು?" ಎಂದಳು. ಅದೂ ಒಂದು ಚೀಟಿಯಾಗಿದೆ.

ಕೊನೆಗೆ ವರ್ಗಾವಣೆಯ ಮಾತು. ನಮ್ಮ ಸಭಾಪ್ರಾಂತದಲ್ಲಿ ಕೆಲವು ವರ್ಷಕ್ಕೊಮ್ಮೆ ಊರು ಬದಲಾಗುತ್ತದೆ, ಲಾರಿಯಲ್ಲಿ ಪುಸ್ತಕಗಳೇ ಭಾರ. ಪೌಲನೂ ತ್ರೋವ ಎಂಬ ಊರಿನಲ್ಲಿ ಕರ್ಪನ ಮನೆಯಲ್ಲಿ ಮೇಲಂಗಿಯನ್ನೂ ಪುಸ್ತಕಗಳನ್ನೂ ಬಿಟ್ಟುಬಂದಿದ್ದ. ಸೆರೆಯಿಂದ ಬರೆಯುವಾಗ ಅವನ್ನು ತರಲು ತಿಮೊಥೆಯನಿಗೆ ಹೇಳುತ್ತಾನೆ, ಅದರಲ್ಲೂ ಚರ್ಮದ ಕಾಗದಗಳನ್ನು. ನಾನು ಒಯ್ಯುವುದು ಒಂದು ತಗಡಿನ ಟ್ರಂಕಿನಷ್ಟು. ಸತ್ಯವೇದಗಳು, ಗ್ರೀಕ್ ಹೊಸ ಒಡಂಬಡಿಕೆ, ಗೆರೆ ಎಳೆದ ವಚನಗಳ ಪುಸ್ತಕ, ನಾಲ್ಕು ವ್ಯಾಖ್ಯಾನಗಳು, ಚೀಟಿಯ ಡಬ್ಬಿಗಳೆಲ್ಲವೂ. ಆ ಊರಿನ ಪ್ರಶ್ನೆಗಳಿಗಾಗಿ ಕೊಂಡ ಪುಸ್ತಕಗಳನ್ನು ಆ ಊರಿನಲ್ಲಿಯೇ, ವೆಸ್ಟ್ರಿಯ (ಚರ್ಚಿನ ಒಳಕೋಣೆಯ) ಕಪಾಟಿನಲ್ಲಿ ಬಿಡುತ್ತೇನೆ. ಪ್ರತಿಯೊಂದರ ಮೊದಲ ಪುಟದಲ್ಲಿ ಅದನ್ನು ಓದಲು ಕಾರಣವಾದ ಪ್ರಶ್ನೆಯನ್ನು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ, ಕೇಳಿದವರ ಹೆಸರಿಲ್ಲದೆ. ಕಳೆದ ಬಾರಿ ಹಾಗೆ ಬಿಟ್ಟುಬಂದದ್ದು ಮೂವತ್ತೊಂದು ಪುಸ್ತಕ, ಮತ್ತು ಎರವಲು ಒಯ್ಯುವವರು ಬರೆದಿಡಲು ನೂರು ಪುಟದ ಒಂದು ನೋಟುಬುಕ್ಕು, ದಾರ ಕಟ್ಟಿದ ಪೆನ್ಸಿಲಿನ ಸಮೇತ.